ಹಗೇವಿಗೆ ಇಳಿದ ನೀರು

ಸಹಿ ಹಾಕಲು ನಾನು ಪೆನ್ನು ಊರಿದ್ದ ಕಾಗದದ ಮೇಲೆ ಅಂಗೈ ಇಟ್ಟು "ಬ್ಯಾಡ್ರಿ" ಎಂದವರು ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಒಬ್ಬರೇ. ಅವರೇನು ನನ್ನ ಮೇಲಧಿಕಾರಿಯಲ್ಲ. ಊರಿಗೆ ನಳದ ನೀರು ಬಿಡುವವರು. ಪುರಸಭೆ ಕಚೇರಿಯ ಹಾಜರಿ ಪುಸ್ತಕದಲ್ಲಿ ವಾಲ್ವ್‌ಮನ್. ಹೋದ ತಿಂಗಳು ತೀರಿಕೊಂಡರು. ಅವರ ಮಣ್ಣಿಗೆ ಹೋದಾಗ ಒಬ್ಬಾಕೆ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಅದಕ್ಕೇ ಬರೆಯಲು ಕೂತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಊರಿನ ಹೆಸರನ್ನೂ ಬರೆಯುವುದಿಲ್ಲ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕರ ಸುತ್ತಲೇ ನನ್ನ ನೌಕರಿ ಗಾಣದ ಎತ್ತಿನ ಹಾಗೆ ತಿರುಗಿದೆ. ನಾಲ್ಕರಲ್ಲಿ ಯಾವುದೋ ಒಂದು ಎಂದುಕೊಳ್ಳಿ, ಅಷ್ಟು ಸಾಕು. ಹುಡುಕಿಕೊಂಡು ಹೋಗಬೇಕೆಂದಿರುವವರಿಗೆ ಒಂದು ಮಾತು: ತಪ್ಪು ಮಾಡಿದವಳು ಈಗ ಅಲ್ಲಿಲ್ಲ, ಇಲ್ಲಿ ಕೂತು ಬರೆಯುತ್ತಿದ್ದಾಳೆ.

ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಹತ್ತಿಮತ್ತೂರ ಕಡೆಯವರು. ಎತ್ತರದ ಆಳು, ಮೊಣಕಾಲ ತನಕ ಮಡಚಿದ ಪ್ಯಾಂಟು, ಹೆಗಲ ಮೇಲೆ ಆಳುದ್ದದ ಕಬ್ಬಿಣದ ಚಾವಿ. ಚಾವಿ ಎಂದರೆ ರಸ್ತೆಯ ಕೆಳಗಿನ ವಾಲ್ವು ತಿರುಗಿಸುವ, ಮೇಲ್ತುದಿಗೆ ಅಡ್ಡಪಟ್ಟಿ ಇರುವ ಸರಳು. ಅದರ ಒಂದು ತುದಿಯನ್ನು ನೆಲಕ್ಕೂ ಇನ್ನೊಂದನ್ನು ಕಿವಿಯ ಹಿಂದಿನ ಎಲುಬಿಗೂ ಆನಿಸಿ ಅವರು ಕಣ್ಣು ಮುಚ್ಚಿ ನಿಂತರೆಂದರೆ ಇಡೀ ಓಣಿ ಗದ್ದಲ ನಿಲ್ಲಿಸುತ್ತಿತ್ತು. "ಇಲ್ಲೆ ಸೋರಾಕತ್ತೈತಿ. ಅಗೀರಿ" ಎನ್ನುವರು. ಅಗೆದರೆ ಸೋರುತ್ತಲೇ ಇರುತ್ತಿತ್ತು. ನಕ್ಷೆ ಹಿಡಿದುಕೊಂಡು ನಿಂತ ನಾನು ಸುಮ್ಮನೆ ನಕ್ಷೆ ಮಡಚುತ್ತಿದ್ದೆ.

ಹತ್ತು ದಿನಕ್ಕೊಮ್ಮೆ ನಳ ಬರುವ ಊರಿನಲ್ಲಿ ನೀರು ಬಿಡುವವನಿಗೆ ಸಿಗುವ ಉಪಚಾರ ಬೀಗರಿಗೂ ಸಿಗುವುದಿಲ್ಲ. ಅವರು ಓಣಿಗೆ ಕಾಲಿಟ್ಟರೆ ಸಾಕು, ನಾಲ್ಕು ಬಾಗಿಲಿಂದ "ಕಾಕಾ, ಚಾ ಕುಡ್ದ ಹೋಗ್ರಿ" ಎಂಬ ಕರೆ. ಅವರು ಕುಡಿಯುತ್ತಿರಲಿಲ್ಲ. ಯಾಕೆಂದು ಒಮ್ಮೆ ಕೇಳಿದೆ.

"ಒಂದ್ ಕಪ್ ಚಾ ಕೊಟ್ಟು ಹತ್ತ ಮಿನಿಟ್ ನೀರ ಜಾಸ್ತಿ ಕೇಳ್ತಾರ್ರಿ ಬಾಯಾರ. ಆ ಹತ್ತ ಮಿನಿಟ್ ಮುಂದಿನ ಓಣಿದು. ಅವರ ನೀರ ಮಾರಿ ನಾ ಚಾ ಕುಡೀಲೇನು?"

ಕಚೇರಿಯೆಲ್ಲ ನನ್ನನ್ನು ಮೇಡಂ ಎಂದರೆ ಅವರೊಬ್ಬರು "ಬಾಯಾರ" ಎನ್ನುತ್ತಿದ್ದರು, ಕನ್ನಡ ಸಾಲಿಯ ಮಾಸ್ತರಬಾಯಿಯನ್ನು ಕರೆದ ಹಾಗೆ. ನನಗೆ ಮೈ ಉರಿಯುತ್ತಿತ್ತು. ಅಬಲೂರ ಹತ್ತಿರದ ಸಣ್ಣ ಹಳ್ಳಿಯಿಂದ ಓದಿ ಕಿರಿಯ ಎಂಜಿನಿಯರಾಗಿ ಬಂದವಳು ನಾನು. ಹಳ್ಳಿಯ ಮಾತು, ಹಳ್ಳಿಯ ವಸ್ತು ಎಲ್ಲವನ್ನೂ ಹಿಂದೆ ಬಿಟ್ಟು ಬಂದಿದ್ದೇನೆ ಎಂಬ ಸೊಕ್ಕು ಆಗ ತಲೆಯಲ್ಲಿ ತುಂಬಿತ್ತು.

ಆ ವರ್ಷ ಮಳೆನೀರು ಕೊಯ್ಲಿನ ನಿಯಮವನ್ನು ಬಿಗಿ ಮಾಡಿದರು. ಹೊಸ ಮನೆಯಾಗಲಿ, ಹಳೆಯ ಮನೆಗೆ ಸೇರಿಸಿದ ಹೊಸ ಕೋಣೆಯಾಗಲಿ, ಛಾವಣಿ ಒಂದು ಅಳತೆ ಮೀರಿತೆಂದರೆ ಅದರ ಮೇಲೆ ಬಿದ್ದ ನೀರನ್ನು ಗಟಾರಕ್ಕೆ ಬಿಡುವಂತಿಲ್ಲ. ಪೈಪಿನಲ್ಲಿ ಇಳಿಸಿ ತೊಟ್ಟಿಯಲ್ಲಿ ಹಿಡಿಯಬೇಕು, ಇಲ್ಲವೇ ಅಂಗಳದ ಇಂಗುಗುಂಡಿಗೆ ಬಿಟ್ಟು ನೆಲಕ್ಕೆ ಕುಡಿಸಬೇಕು. ಮಾಡದಿದ್ದರೆ ಕಟ್ಟಡ ಮುಗಿದ ಪತ್ರ ಸಿಗುವುದಿಲ್ಲ, ಪತ್ರ ಇಲ್ಲದಿದ್ದರೆ ಕರೆಂಟಿನ ಕಾಯಂ ಮೀಟರ್ ಸಿಗುವುದಿಲ್ಲ. ಮಾಡಿದವರಿಗೆ ಮನೆಪಟ್ಟಿಯಲ್ಲಿ ರಿಯಾಯಿತಿ. ನಿಯಮ ಬಂಗಾರದಂಥದ್ದು. ಇವತ್ತಿಗೂ ಅದರ ಪರವಾಗಿ ಯಾರ ಜೊತೆಗಾದರೂ ಜಗಳಕ್ಕೆ ನಿಲ್ಲುತ್ತೇನೆ. ಕೆಟ್ಟದ್ದು ಅದಕ್ಕೆ ನಾನು ಅಂಟಿಸಿದ ಒಂದು ವಾಕ್ಯ.

ಹಳೇಪೇಟೆಯಿಂದ ಒಂದೂ ಅರ್ಜಿ ಬಂದಿರಲಿಲ್ಲ. ನಮ್ಮ ಮುಖ್ಯಾಧಿಕಾರಿಗಳು, ಅವರನ್ನು ಸಾಹೇಬರು ಎನ್ನುತ್ತೇನೆ, ದಿನಾ ಬೆಳಗ್ಗೆ ನನ್ನ ಮೇಜಿನ ಮುಂದೆ ನಿಂತು "ಹಳೇಪ್ಯಾಟಿ ಏನಾತು?" ಎಂದು ಕೇಳುವರು. ಇಕ್ಕಟ್ಟಿನ ಅಂಗಳಗಳಲ್ಲಿ ಹೊಸ ಗುಂಡಿ ತೋಡಲು ಜನ ಒಪ್ಪುತ್ತಿಲ್ಲ ಎಂದು ತಿಳಿದು, ಮನೆಮನೆಗೆ ಹಂಚುವ ಕರಪತ್ರದಲ್ಲಿ ಹೀಗೆ ಸೇರಿಸಿದೆ: "ಅಂಗಳದಲ್ಲಿ ಈಗಾಗಲೇ ಇರುವ ಗುಂಡಿಯನ್ನೂ ಇಂಗುಗುಂಡಿಯಾಗಿ ಪರಿಗಣಿಸಲಾಗುವುದು." ನನ್ನ ಮನಸ್ಸಿನಲ್ಲಿದ್ದದ್ದು ಬತ್ತಿದ ಬಾವಿ, ಕೆಟ್ಟ ಬೋರ್‌ವೆಲ್ಲಿನ ತಗ್ಗು. ಸಾಹೇಬರು ಓದಿ "ಭೇಷ್" ಎಂದರು.

ಹಳೇಪೇಟೆ ಒಂದು ಕಾಲಕ್ಕೆ ಜೋಳದ ವ್ಯಾಪಾರಿಗಳ ಓಣಿ. ಅಲ್ಲಿ ಮನೆಗೊಂದು ಹಗೇವು. ಕಾಣದವರಿಗೆ ಹೇಳುತ್ತೇನೆ: ಹಗೇವೆಂದರೆ ಕಾಳು ತುಂಬಿಡಲು ನೆಲದಲ್ಲಿ ತೋಡಿದ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ. ಮಣ್ಣು ಮೆತ್ತಿ, ಒಳಗೆ ಬೆಂಕಿ ಹಾಕಿ ಒಣಗಿಸಿ, ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಮುಚ್ಚಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಕಣ್ಣಳತೆಯಲ್ಲಿರಲಿ ಎಂದು ಬಾಗಿಲ ಪಕ್ಕದಲ್ಲೇ, ಗೋಡೆಗೆ ಹತ್ತಿಸಿ ತೋಡುತ್ತಿದ್ದರು. ಈಗ ಯಾರೂ ಕಾಳು ತುಂಬುವುದಿಲ್ಲ. ಕರಪತ್ರದಲ್ಲಿ "ಗುಂಡಿ" ಎಂದು ಓದಿದ ಹಳೇಪೇಟೆಯವರಿಗೆ ಸಹಜವಾಗಿಯೇ ಹಗೇವು ನೆನಪಾಯಿತು. "ಹೆಂಗೂ ಖಾಲಿ ಬಿದ್ದೈತಿ, ನೀರ ಬಿಟ್ಟರ ಆತು" ಎಂದುಕೊಂಡರು. ವಾರದೊಳಗೆ ಹನ್ನೊಂದು ಅರ್ಜಿ ಬಂದವು.

ನಾನು ಹಗೇವು ಕಾಣದವಳೇ? ನಮ್ಮ ಅಜ್ಜಿಯ ಮನೆ ಮುಂದೆಯೇ ಒಂದಿತ್ತು. ಆದರೂ ಸ್ಥಳಕ್ಕೆ ಹೋಗಿ ಕಲ್ಲು ಸರಿಸಿ ಇಣುಕಿದಾಗ ನನ್ನ ಕಣ್ಣಿಗೆ ಬಿದ್ದದ್ದು ಬರೀ ತಗ್ಗು. ತಗ್ಗಿದೆ, ಪೈಪು ಇಳಿಸಿದರೆ ಮುಗಿಯಿತು. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂದು ಖುಷಿಯಲ್ಲಿ ಹನ್ನೊಂದೂ ಅರ್ಜಿ ಮೇಜಿನ ಮೇಲೆ ಹರವಿಕೊಂಡು ಕೂತೆ. ಆಗಲೇ ಆ ಅಂಗೈ ಬಂದದ್ದು.

"ಬ್ಯಾಡ್ರಿ ಬಾಯಾರ. ಗುಂಡಿ ಬ್ಯಾರೆ, ಹಗೇವ ಬ್ಯಾರೆ. ಗುಂಡಿ ನೀರ ಕುಡೀತೈತಿ. ಹಗೇವ ಕುಡಿಯೂದಿಲ್ಲ, ತುಂಬಿ ಕುಂದರತೈತಿ. ಕಡೀಕ ಮಣ್ಣ ಮೆತ್ತಗಾಗಿ ಮ್ಯಾಗಿನ ಗ್ವಾಡಿ ಎಳಕೊಂಡ ಕೆಳಗ ಹೋಗತೈತಿ. ನಮ್ಮಪ್ಪ ಹಗೇವ ತೋಡಾವ ಇದ್ದ. ಒಂದ್ ಹನಿ ಒಳಗ ಹೋದ್ರ ಮಾಲಕರು ಅವನ ಮನಿ ಮುಂದ ಬಂದು ಬಾಯಿ ಮಾಡ್ತಿದ್ರು."

ಸುತ್ತಲಿನ ಗುಮಾಸ್ತರು ತಲೆ ಎತ್ತಿ ನೋಡಿದರು. ಅಷ್ಟು ಜನರ ಮುಂದೆ ನೀರು ಬಿಡುವವನೊಬ್ಬ ನನಗೆ ಪಾಠ ಹೇಳುವುದೇ?

"ಕಾಕಾ, ನೀವು ನೀರ ಬಿಡ್ರಿ. ಸಹಿ ನಾ ಮಾಡ್ತೇನಿ" ಎಂದೆ.

ಅವರು ಅಂಗೈ ತೆಗೆದರು. ಸಿಟ್ಟಾಗಲಿಲ್ಲ. "ನೀರಿಗೆ ಓದಾಕ ಬರಂಗಿಲ್ರಿ ಬಾಯಾರ, ನಿಮ್ಮ ಸಹಿ ಅದಕ್ಕ ತಿಳಿಯೂದಿಲ್ಲ" ಎಂದು ಹೊರಗೆ ಹೋದರು. ನಾನು ಹನ್ನೊಂದಕ್ಕೂ ಸಹಿ ಹಾಕಿದೆ.

ಬಿಸಿಲುಗಾಲ ಮುಗಿಯುವ ಹೊತ್ತಿಗೆ ಹನ್ನೊಂದೂ ಮನೆಗಳ ಛಾವಣಿಯಿಂದ ಹಗೇವಿಗೆ ಪೈಪು ಇಳಿದವು. ಅಷ್ಟರಲ್ಲಿ ಕಾಕಾ ಒಂದು ಹೊಸ ರೂಢಿ ಹಚ್ಚಿಕೊಂಡರು. ದಿನಾ ಬೆಳಗ್ಗೆ ಹಾಜರಿ ಹಾಕಿ ನನ್ನ ಮೇಜಿನ ಹತ್ತಿರ ಬಂದು, "ಮಳಿ ಯಾವಾಗ ಬರಬೌದ್ರಿ?" ಎಂದು ಕೇಳುವುದು. ಕೇಳಿ ಹೋಗುವರು. ಹದಿನೈದು ದಿನ ಹೀಗೇ ನಡೆಯಿತು. ಮೊದಮೊದಲು ಚೇಷ್ಟೆ ಎಂದುಕೊಂಡಿದ್ದೆ. ಆಮೇಲೆ ಅವರು ಬರುವ ಹೊತ್ತಿಗೆ ಕಡತದಲ್ಲಿ ಮುಖ ಹುದುಗಿಸತೊಡಗಿದೆ. ಕಿಟಕಿಯಲ್ಲಿ ಒಂದು ಮೋಡ ಕಂಡರೂ ಕೈಯಲ್ಲಿದ್ದ ಕೆಲಸ ಮರೆಯುತ್ತಿದ್ದೆ.

ಹೆಚ್ಚು ಕಾಡುತ್ತಿದ್ದದ್ದು ಮಾಬೂಬಿಯ ಮನೆ. ಗಂಡನಿಲ್ಲದ ಹೆಂಗಸು. ಮಗ ಬೇರೆ ಊರಲ್ಲಿ ಟೇಲರ್ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದ. ಊರಲ್ಲೇ ಹೊಲಿಗೆ ಮಷೀನ ಹಾಕಲೆಂದು ಹಳೆಯ ಮಣ್ಣಿನ ಮನೆಯ ಹಿಂದೆ ಹೊಸ ಸ್ಲ್ಯಾಬಿನ ಕೋಣೆ ಕಟ್ಟಿಸಿದ್ದರು. ಮಷೀನು ತಿರುಗಬೇಕಾದರೆ ಕಾಯಂ ಮೀಟರ್ ಬೇಕು, ಮೀಟರಿಗೆ ಆ ಪತ್ರ ಬೇಕು. ಪೈಪು ಇಳಿದ ಮೇಲೆ ಪರಿಶೀಲನೆಗೆ ಹೋದಾಗ ಆಕೆ ನನ್ನ ಕೈಗೆ ಶರಬತ್ತಿನ ಲೋಟ ಕೊಟ್ಟು, "ಪೈಪ ಗಟ್ಟಿ ಕುಂದರಸೇವಿ, ನೋಡ್ರಿ" ಎಂದು ಹಿಂದಿನ ಛಾವಣಿಯಿಂದ ಮುಂದಿನ ಹಗೇವಿನ ತನಕ ಸಿಮೆಂಟಿನಲ್ಲಿ ಮುಚ್ಚಿದ ಪೈಪನ್ನು ತೋರಿಸಿದ್ದಳು. "ಪೈಪು ಭದ್ರವಾಗಿ ಕೂರಿಸಬೇಕು" ಎಂದು ಷರಾ ಬರೆದವಳು ನಾನೇ. ಹಗೇವಿಗೆ ಹೊಂದಿದ ಮುಂದಿನ ಕೋಣೆಯಲ್ಲಿ ಈಗ ಆಕೆಯ ಸೊಸೆ ಬಾಣಂತಿ. ಹೆಣ್ಣುಕೂಸು, ಹುಟ್ಟಿ ಎಂಟು ದಿನ.

ರೋಹಿಣಿ ಮಳೆ ಕೂಡಿದ ವಾರ, ಹನಿ ಮಾತ್ರ ಇನ್ನೂ ಬಿದ್ದಿರಲಿಲ್ಲ. ಒಂದು ಬೆಳಗ್ಗೆ ಕಾಕಾ ಮಳೆಯ ಮಾತು ಕೇಳಲಿಲ್ಲ. ಸ್ಟೀಲಿನ ಲೋಟದಲ್ಲಿ ನೀರು ತಂದು ನನ್ನ ಮೇಜಿನ ಮೇಲಿಟ್ಟರು. ಕಿಸೆಯಿಂದ ಮುಷ್ಟಿಯಷ್ಟು ಗಾತ್ರದ ಒಣ ಮಣ್ಣಿನ ಹೆಂಟೆ ತೆಗೆದು, "ಮಾಬೂಬಿ ಹಗೇವಿಂದು. ಒಳಗಿನ ಗ್ವಾಡೀದು. ಕಲ್ಲ ಇದ್ದಂಗೈತಿ, ಮುಟ್ಟಿ ನೋಡ್ರಿ" ಎಂದರು. ಮುಟ್ಟಿದೆ. ನಿಜಕ್ಕೂ ಕಲ್ಲೇ. ಅದನ್ನು ಲೋಟದೊಳಗೆ ಬಿಟ್ಟು ಹೋದರು.

ಒಂದು ತಾಸು ಏನೂ ಆಗಲಿಲ್ಲ. ನೋಡಬಾರದು ಎಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಊಟದ ಹೊತ್ತಿಗೆ ಹೆಂಟೆಯ ಅಂಚು ಉದುರತೊಡಗಿತು. ಮಧ್ಯಾಹ್ನ ಮೂರರ ಸುಮಾರಿಗೆ, ನಾನು ನೋಡುತ್ತಿರುವಾಗಲೇ, ಅದು ಒಮ್ಮೆಗೇ ಕುಸಿದು ಲೋಟದ ತಳಕ್ಕೆ ರಾಡಿಯಾಗಿ ಕೂತಿತು. ತಲೆ ಎತ್ತಿದೆ. ಕಿಟಕಿಯ ಹೊರಗೆ ಪಡುವಣದ ಆಕಾಶ ಕಪ್ಪಾಗಿತ್ತು. ಗಾಳಿಗೆ ಕಚೇರಿಯ ಬಾಗಿಲು ಧಡಾರ್ ಎಂದಿತು.

ಸಾಹೇಬರು ಜಿಲ್ಲೆಯ ಮೀಟಿಂಗಿಗೆ ಹೋಗಿದ್ದರು. ಕೇಳುವುದು ಯಾರನ್ನು? ಅಂಗಳಕ್ಕೆ ಓಡಿದೆ. ಕಾಕಾ ಆಗಲೇ ಗರಗಸ ಹಿಡಿದು ಸೈಕಲ್ಲಿನ ಹತ್ತಿರ ನಿಂತಿದ್ದರು.

"ಕಾಕಾ, ಪೈಪ ಕೊಯ್ಯೋಣ. ಹನ್ನೊಂದೂ."

"ಆರ್ಡರ್‌ರಿ?"

"ನಾ ಹೇಳಾಕತ್ತೇನಲ್ಲ. ನಾಳಿ ಬರದ ಕೊಡ್ತೇನಿ."

"ಆತ್ರಿ. ನೀವು ಮೊದ್ಲ ಮಾಬೂಬಿ ಮನಿಗೆ ನಡೀರಿ. ಬಾಣಂತಿ ಕ್ವಾಣಿಯೊಳಗ ನನಗ ಹೋಗಾಕ ಬರಂಗಿಲ್ಲ. ಅವರನ್ನ ಹೊರಗ ತರ್ರಿ. ನಾ ಉಳದವ ಹತ್ತು ಕೊಯ್ಕೋತ ಬರ್ತೇನಿ."

ಮಾಬೂಬಿಯ ಬಾಗಿಲು ಮುಚ್ಚಿತ್ತು. ಬಡಿದೆ. ತೆಗೆದಳು. ಏದುಸಿರಿನಲ್ಲೇ ವಿಷಯ ಹೇಳಿದೆ: ಹಗೇವಿಗೆ ನೀರು ಬಿಡುವುದು ತಪ್ಪಾಗಿದೆ, ಗೋಡೆ ಕುಸಿಯಬಹುದು, ಸೊಸೆಯನ್ನೂ ಕೂಸನ್ನೂ ಎದುರು ಮನೆಗೆ ಒಯ್ಯಿರಿ.

"ಯಾ ಅಲ್ಲಾ! ಎಂಟ ದಿನದ ಬಾಣಂತಿನ್ನ ಈ ಗಾಳ್ಯಾಗ ಹೊರಗ ತರೂದು? ನಾಲ್ವತ್ತ ದಿನ ಹೊಸಲ ದಾಟಸಂಗಿಲ್ರಿ ನಾವು" ಎಂದಳು.

"ಮಾಬೂಬಿ, ಗ್ವಾಡಿ ಬೀಳತೈತಿ."

"ನೀವ ಬಂದು ನೋಡಿ ಚಲೋ ಐತಿ ಅಂದ್ರಿ. ಸಹಿ ಮಾಡಿದ್ರಿ. ಈಗ ಬೀಳತೈತಿ ಅಂದ್ರ ಯಾವ್ದ ಖರೆ?"

"ಈಗ ಹೇಳೂದ ಖರೆ. ಓಣ್ಯಾಗಿನ ಪೈಪ ಎಲ್ಲಾ ಕೊಯ್ಯಾಕ ನಾನ ಹೇಳೇನಿ" ಎಂದೆ. ಆಕೆ ನನ್ನನ್ನೇ ನೋಡಿದಳು, ಬಾಗಿಲಿಗೆ ಅಡ್ಡ ನಿಂತಲ್ಲಿಂದ ಕದಲಲಿಲ್ಲ. ಒಳಗೆ ಕೂಸು ಅತ್ತಿತು. ದಪ್ಪ ಹನಿಗಳು ಅಂಗಳದ ಧೂಳಿಗೆ ಬಿದ್ದವು.

ಓಣಿಯ ಆ ತುದಿಯಿಂದ ಜಗಳದ ಸದ್ದು ಕೇಳುತ್ತಿತ್ತು. ಬನಿಯನ್ನಿನಲ್ಲೇ ಹೊರಬಂದ ವ್ಯಾಪಾರಿಯೊಬ್ಬ ಕಾಕಾನ ಮೇಲೆ ಚೀರುತ್ತಿದ್ದ: "ಮಳಿ ಕೊಯ್ಲು ಅಂದ್ರ ಪೈಪ ಕೊಯ್ಯೂದೇನಲೇ? ರಿಯಾಯಿತಿ ನಿಮ್ಮಪ್ಪ ಕೊಡ್ತಾನೇನ?" ಗರಗಸದ ಸದ್ದು ನಿಲ್ಲಲಿಲ್ಲ. ನಾನು ಅಲ್ಲಿಗೆ ಹೋಗಿ "ಅವರಿಗೆ ಹೇಳಿದವಳು ನಾನು" ಎನ್ನಬಹುದಿತ್ತು. ಮಾಬೂಬಿಯ ಬಾಗಿಲು ಬಿಟ್ಟು ಹೋಗಬಾರದು ಎಂಬ ನೆವ ಇತ್ತು, ಅದನ್ನೇ ಹಿಡಿದುಕೊಂಡು ನಿಂತೆ.

ಮಳೆ ಸುರಿಯತೊಡಗಿದ ಮೇಲೆ ಕಾಕಾ ತೊಯ್ದು ತಪ್ಪಡಿಯಾಗಿ ಬಂದರು. ಸಿಮೆಂಟಿನಲ್ಲಿ ಹೂತ ಪೈಪನ್ನು ಒಮ್ಮೆ ನೋಡಿದರು, ಗರಗಸ ಕೆಳಗಿಟ್ಟರು. ಮಾಬೂಬಿಯ ಜೊತೆ ಮಾತೇ ಆಡಲಿಲ್ಲ. ಗೋಡೆಯ ಬುಡಕ್ಕೆ ಚಾವಿ ಊರಿ ಕಿವಿಗೆ ಆನಿಸಿ ಕಣ್ಣು ಮುಚ್ಚಿದರು. ಮಳೆಯ ಆರ್ಭಟದಲ್ಲಿ ಏನು ಕೇಳೀತು ಎಂದು ನಾನು ನೋಡುತ್ತಿದ್ದೆ. ಅವರ ಮುಖದ ಬಣ್ಣ ಇಳಿಯಿತು.

"ತಂಗಿ, ನೀನ ಕೇಳಬಾ" ಎಂದು ಚಾವಿಯನ್ನು ಅಲುಗಿಸದೆ ಹಿಡಿದು ಪಕ್ಕಕ್ಕೆ ಸರಿದರು.

ಆಕೆ ಸೆರಗು ಸರಿಸಿ ಕಿವಿ ಆನಿಸಿದಳು.

"ಸಳಸಳ ಅನ್ನೂದು ನೀರು. ಅದನ್ನ ಬಿಡು. ನಡುನಡುವ ದಪ್ಪ್ ಅಂತೈತಲ್ಲ?"

"ಹೂಂ."

"ಅದು ಮಣ್ಣು. ಹಗೇವಿನ ಮೈ ಉದರಾಕತ್ತೈತಿ. ನಿನ್ನ ಸೊಸಿ ಹೊರಸಿನ ಕೆಳಗ."

ಮಾಬೂಬಿ ಮರುಮಾತಾಡದೆ ಒಳಗೆ ಓಡಿದಳು. ಎದುರು ಮನೆಯ ಇಬ್ಬರು ಹೆಂಗಸರನ್ನು ಕೂಗಿದೆ. ಬಾಣಂತಿಯ ಕಿವಿಗೆ ಅರಿವೆ ಬಿಗಿದು, ಮೈಗೆ ಕಂಬಳಿ ಸುತ್ತಿ, ಕೂಸನ್ನು ಎದೆಗೆ ಕಟ್ಟಿ, ಹೊರಸು ಸಮೇತ ಎತ್ತಿದೆವು. ನಾಲ್ಕು ಕಾಲಿಗೆ ನಾಲ್ವರು ಹೆಂಗಸರು, ಒಂದು ಕಾಲು ನನ್ನ ಕೈಯಲ್ಲಿ. ಹೊಸ್ತಿಲಲ್ಲಿ ಹೊರಸು ಸಿಕ್ಕಿಕೊಂಡಾಗ ಬಾಣಂತಿ "ಅಮ್ಮಾ" ಎಂದು ನನ್ನ ತೋಳು ಹಿಡಿದಳು. ಆ ಉಗುರಿನ ಹಿಡಿತ ಇವತ್ತಿಗೂ ನನ್ನ ತೋಳಿಗೆ ನೆನಪಿದೆ. ನಾವು ಓಣಿ ದಾಟುವ ತನಕ ಕಾಕಾ ಗೋಡೆಗೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ನಿಂತಿದ್ದರು. ಅಂಥ ಹೊತ್ತಿನಲ್ಲೂ ಬಾಣಂತಿಯನ್ನು ಪರಗಂಡಸು ನೋಡಬಾರದು ಎಂಬುದನ್ನು ಮರೆತಿರಲಿಲ್ಲ.

ಹೊರಸು ದಾಟಿದ ಮೇಲೆ ಅವರು ನಿಚ್ಚಣಿಕೆ ಹಚ್ಚಿ ಹೊಸ ಕೋಣೆಯ ಮಾಳಿಗೆ ಏರಿದರು. ಹಗೇವಿಗೆ ಇಳಿಯುವ ತೂತಿಗೆ ಗೋಣಿಚೀಲ ತುರುಕಿ, ಚಾವಿಯಿಂದ ಅಂಚಿನ ಇಟ್ಟಿಗೆ ಕುಟ್ಟಿ ಒಡೆದು ನೀರಿಗೆ ಓಣಿಯ ಕಡೆ ದಾರಿ ಮಾಡಿದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ, ಸಿಡಿಲಿನಲ್ಲಿ ಕಬ್ಬಿಣದ ಸರಳು ಎತ್ತಿ ಎತ್ತಿ ಕುಟ್ಟುತ್ತಿದ್ದರು. "ಇಳೀರಿ ಕಾಕಾ" ಎಂದು ಕೆಳಗಿಂದ ಚೀರಿದೆ. ಅವರಿಗೆ ಕೇಳಿಸಲಿಲ್ಲ.

ಮಳೆ ನಿಂತ ಮೇಲೆ ಮೂವರೂ ಆ ಕೋಣೆಗೆ ಹೋದೆವು. ಗೋಡೆ ನಿಂತಿತ್ತು. ಆದರೆ ಹೊರಸು ಇದ್ದ ಮೂಲೆಯಲ್ಲಿ ನೆಲ ಒಂದು ಮೊಳ ಕೆಳಗಿಳಿದು, ಅಂಚಿನಲ್ಲಿ ಕಪ್ಪು ಬಿರುಕು ಬಿಟ್ಟಿತ್ತು. ಬಾಣಂತಿಗೆ ಇಟ್ಟಿದ್ದ ಕೆಂಡದ ಅಗ್ಗಿಷ್ಟಿಕೆ ಆ ತಗ್ಗಿನಲ್ಲಿ ಮಗುಚಿ ಬಿದ್ದಿತ್ತು. ಮಾಬೂಬಿ ಕೂತು, ಚೆಲ್ಲಿದ ಕೆಂಡವನ್ನು ಬಳಿದು ಅಗ್ಗಿಷ್ಟಿಕೆಗೆ ತುಂಬಿದಳು.

ಎದ್ದ ಮೇಲೆ ಆಕೆ ಹೇಳಿದ ಮೊದಲ ಮಾತು: "ಯಾರಿಗೂ ಹೇಳಬ್ಯಾಡ್ರಿ. ಮನಿ ಕುಸದೈತಿ ಅಂದ್ರ ಪತ್ರ ರದ್ದ ಮಾಡ್ತಾರ. ಗರಸು ಮಣ್ಣ ತುಂಬಿ ಸರಿ ಮಾಡ್ಕೋತೇವಿ."

ನನಗೂ ಅದೇ ಬೇಕಾಗಿತ್ತು. "ಹೇಳೂದಿಲ್ಲ" ಎಂದೆ, ಆಕೆ ಮಾತು ಮುಗಿಸುವ ಮೊದಲೇ. ಕಾಕಾ ನನ್ನ ಮುಖ ನೋಡಿ, ಚಾವಿ ಹೆಗಲಿಗೇರಿಸಿಕೊಂಡು ಹೊರಟರು.

ಮರುದಿನ ಹತ್ತು ಮನೆಯವರು ಒಟ್ಟಾಗಿ ದೂರು ಕೊಟ್ಟರು. ಮಂಜೂರಾದ ಪೈಪನ್ನು ನೀರು ಬಿಡುವವ ಬಂದು ಕೊಯ್ದು ಹೋಗಿದ್ದಾನೆ, ಪತ್ರ ರಿಯಾಯಿತಿ ಎರಡೂ ನಿಂತುಹೋಗುತ್ತವೆ, ನಮ್ಮ ಒಂದು ಗೋಡೆಯಾದರೂ ಬಿದ್ದಿದೆಯೇ ಬಂದು ನೋಡಿರಿ. ಬಿದ್ದಿರಲಿಲ್ಲ, ಕೊಯ್ದಿದ್ದರಿಂದ ಬಿದ್ದಿರಲಿಲ್ಲ. ಬೀಳದ ಗೋಡೆಯನ್ನು ಸಾಕ್ಷಿಗೆ ತರುವುದು ಹೇಗೆ? ಇದ್ದ ಒಂದೇ ಸಾಕ್ಷಿಯ ಮೇಲೆ ಮಾಬೂಬಿ ಗರಸು ಸುರಿಯುತ್ತಿದ್ದಳು.

ಸಾಹೇಬರ ಕೋಣೆಗೆ ಇಬ್ಬರಿಗೂ ಕರೆ ಬಂತು. ನಾನು ಕುರ್ಚಿಯಲ್ಲಿ, ಕಾಕಾ ನಿಂತು.

"ಯಾರ ಆರ್ಡರ್ ಮ್ಯಾಲೆ ಕೊಯ್ದಿ?" ಸಾಹೇಬರು ಕೇಳಿದರು.

ಕಾಕಾ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ನನಗಾಗಿ ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ನನ್ನ ಕಡೆ ಮಾತ್ರ ನೋಡಲಿಲ್ಲ. ನೋಡಿದ್ದರೆ ಹೇಳಿಬಿಡುತ್ತಿದ್ದೆನೇನೋ ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಸುಳ್ಳು. ಹೇಳುತ್ತಿರಲಿಲ್ಲ.

"ಆರ್ಡರ್ ಇಲ್ರಿ ಸಾಹೇಬ್ರ. ಮಳಿ ಬಂತು, ಕೊಯ್ದೆ" ಎಂದರು.

ಸಾಹೇಬರು ನನ್ನ ಕಡೆ ತಿರುಗಿ, "ನಿಮ್ಮ ಗಮನಕ್ಕಿತ್ತೇನು?" ಎಂದರು. "ಇಲ್ಲ ಸರ್" ಎಂಬ ಎರಡು ಶಬ್ದ ನನ್ನ ಬಾಯಿಂದಲೇ ಬಂದವು. ನನಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ ಬಂದವು.

ಅವರ ವಾರ್ಷಿಕ ವೇತನ ಬಡ್ತಿ ಕಡಿದರು. ಚಾವಿ ಇಸಿದುಕೊಂಡು ಹಳೆ ಕಡತಗಳ ಕೋಣೆಗೆ ಹಾಕಿದರು. ಊರಿನ ಪ್ರತಿ ಓಣಿಯ ನೀರಿನ ಸದ್ದು ಬಲ್ಲವರು ಧೂಳಿನಲ್ಲಿ ಕೂತು ಹೊತ್ತು ಕಳೆಯತೊಡಗಿದರು. ನಾನು? ಕರಪತ್ರದ ಆ ವಾಕ್ಯವನ್ನು ಸದ್ದಿಲ್ಲದೆ ತೆಗೆದು "ಹಗೇವು ಹೊರತುಪಡಿಸಿ" ಎಂದು ತಿದ್ದಿದೆ. ಹನ್ನೊಂದೂ ಮನೆಗಳಿಗೆ ಗೋಡೆಯಿಂದ ದೂರ ಜಲ್ಲಿ, ಮರಳು ತುಂಬಿದ ಸರಿಯಾದ ಇಂಗುಗುಂಡಿ ಮಾಡಿಸಿ, ಪತ್ರ ರಿಯಾಯಿತಿ ಎರಡೂ ಕೊಡಿಸಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಜನ ಹೊಗಳಿದರು. ಮೀಟಿಂಗಿನಲ್ಲಿ ಸಾಹೇಬರು ನನ್ನ ಹೆಸರು ಹೇಳಿ ಚಪ್ಪಾಳೆ ಹೊಡೆಸಿದರು.

ಒಮ್ಮೆ ಕಡತ ಹುಡುಕುವ ನೆವ ಮಾಡಿಕೊಂಡು ಆ ಕೋಣೆಗೆ ಹೋದೆ. ಎದ್ದು ನಿಂತು "ಬರ್ರಿ ಬಾಯಾರ, ಕುಂದರ್ರಿ" ಎಂದು ತಮ್ಮ ಸ್ಟೂಲು ಒರೆಸಿ ಕೊಟ್ಟರು. ನಾನು ಕೂರಲಿಲ್ಲ.

"ಕಾಕಾ, ಈಗರೆ ಬರದ ಕೊಡ್ತೇನಿ. ಆರ್ಡರ್ ನಂದಂತ."

"ಈಗ ಬರದ್ರ ನಿಮ್ಮ ನೌಕ್ರಿ ಹೋಕ್ಕೈತಿ. ನನ್ನ ಚಾವಿ ಏನ ಬರಂಗಿಲ್ಲ. ಬಿಡ್ರಿ ಅತ್ಲಾಗ" ಎಂದರು. ಆಮೇಲೆ ತುಸು ಮುಂದೆ ಬಾಗಿ, "ಇಂಗುಗುಂಡಿಗೆ ಜಲ್ಲಿ ತೊಳದ ಹಾಕಸಾಕತ್ತೀರೋ ಇಲ್ಲೋ? ಧೂಳಿದ್ರ ವರ್ಷದಾಗ ಕಟ್ಟಿಕೊಂತಾವ ನೋಡ್ರಿ" ಎಂದು ಕೇಳಿದರು. ಸಿಟ್ಟು ಹುಡುಕಿದೆ ಆ ಮುಖದಲ್ಲಿ, ಸಿಕ್ಕಿದ್ದರೆ ಹಗುರಾಗುತ್ತಿತ್ತು. ಇರಲಿಲ್ಲ. ಅವರೇ ಬೇಡ ಎಂದರಲ್ಲ ಎಂದು ಅದನ್ನೇ ಗಟ್ಟಿ ಹಿಡಿದು ಹೊರಬಂದೆ. ಕೆಲವೇ ತಿಂಗಳಲ್ಲಿ ನನಗೆ ವರ್ಗವಾಯಿತು. ಅವರ ನಿವೃತ್ತಿಯ ದಿನ ಶಾಲು ಹೊದಿಸುವವರು ಸಹ ಇರಲಿಲ್ಲವಂತೆ. ನಾನೂ ಹೋಗಲಿಲ್ಲ.

ಹೋದ ತಿಂಗಳು ಸುದ್ದಿ ಬಂದಾಗ ಸಿಕ್ಕ ಬಸ್ಸು ಹತ್ತಿದೆ. ಮಣ್ಣು ಮುಗಿದು ಜನ ಕರಗುವಾಗ ಒಬ್ಬ ಹೆಂಗಸು ನನ್ನ ಹತ್ತಿರ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿದ್ದರೂ ಗುರುತು ಹತ್ತಿತು, ಮಾಬೂಬಿ. ಮೊಮ್ಮಗಳು ಸಾಲಿಗೆ ಹೋಗುತ್ತಾಳೆ, ಮಗ ಮೂರು ಮಷೀನ ಹಾಕಿದ್ದಾನೆ ಎಂದಳು. ನಾನು "ಚಲೋ ಆತು" ಎಂದೆ. ಆಕೆ ಹೋಗಲಿಲ್ಲ.

"ಆ ಮೂಲಿ ಕುಸದದ್ದು ನಾ ಯಾರ ಮುಂದೂ ಹೇಳಲಿಲ್ರಿ" ಎಂದಳು. "ಪತ್ರ ಹೋದೀತು ಅಂತ ಅಂಜಿಕಿ. ಬಡವಿ ನಾನು, ಇದ್ದದ್ದ ಒಂದ್ ಮನಿ. ಖಬರಸ್ತಾನಕ್ಕ ಹೋದ ಮ್ಯಾಲೆ ಅದಕ್ಕ ನಾ ಜವಾಬು ಕೊಡ್ತೇನಿ. ನೀವ್ಯಾಕ ಹೇಳಲಿಲ್ರಿ ಮೇಡಂ?"

ಬಸ್ಸಿಗೆ ಹೊತ್ತಾಯಿತು ಎಂದು ಗಡಿಯಾರ ನೋಡಿಕೊಂಡೆ. ಆಕೆ ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಪೈಪು ಕೊಯ್ದ ಆ ತಿಂಗಳು ನಮ್ಮ ಇಲಾಖೆಯ ಪದೋನ್ನತಿಯ ಪಟ್ಟಿ ಹೊರಡುವುದಿತ್ತು ಮಾಬೂಬಿ. ಅದರಲ್ಲಿ ನನ್ನ ಹೆಸರಿತ್ತು. ಅಷ್ಟೇ ಕಾರಣ, ಬೇರೆ ಏನೂ ಇಲ್ಲ.